ಶೆಡ್ಡಿನಲ್ಲಿದ್ದ ಟಾಲಿವರ್

…ಅಥವಾ ಮೊದಲು ಕೇಳಿದ್ದು ಇಂಜಿನ್ನಿನ ಸದ್ದಲ್ಲ, ನೋರೀನ್ ನಕ್ಕದ್ದು ಇರಬಹುದು. ಎರಡೂ ಒಂದೇ ಕ್ಷಣದಲ್ಲಿ ಆದವು ಎಂದು ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ. ಹಾಗೆ ಹೇಳಿದರೆ ಕೇಳುವವರಿಗೆ ಚೆನ್ನಾಗಿರುತ್ತದೆ. ಆದರೆ ಮೊನ್ನೆ ಪಕ್ಕದ ಮನೆಯವರು ಹುಲ್ಲು ಕತ್ತರಿಸುವ ಯಂತ್ರವನ್ನು ಚಳಿಗಾಲ ಕಳೆದ ಮೇಲೆ ಮೊದಲ ಸಲ ಹೊರಗೆ ತೆಗೆದರು. ಹಳಸಿದ ಪೆಟ್ರೋಲು ಸುಟ್ಟ ಹುಳಿ ವಾಸನೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂತು. ಆಗ ನೆನಪಾದದ್ದು ಸದ್ದೂ ಅಲ್ಲ, ನಗುವೂ ಅಲ್ಲ. ಪ್ರಶಾಂತನ ಬೆನ್ನು. ಡ್ರೈವರ್ ಸೀಟಿನ ಹಲಗೆಯ ಮೇಲೆ ನೆಟ್ಟಗೆ ಕೂತ ಬೆನ್ನು. ಆದರೆ ಆ ಹೊತ್ತಿಗೆ ನಾನು ಲಾರಿಯ ಮುಂದೆ ನಿಂತಿದ್ದೆ. ಅವನ ಬೆನ್ನು ನನಗೆ ಕಾಣಲು ಸಾಧ್ಯವೇ ಇರಲಿಲ್ಲ.

ನಾನು ಐರ್ಲೆಂಡಿನ ಗಾಲ್ವೇ ಊರಿನ ಪಾರ್ಕ್‌ಮೋರ್‌ನಲ್ಲಿ, ವೈದ್ಯಕೀಯ ಉಪಕರಣ ತಯಾರಿಸುವ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದವಳು. ಅಲ್ಲಿ ಬರೆದಿಡದೇ ಇದ್ದದ್ದು ನಡೆದೇ ಇಲ್ಲ. ತಪ್ಪು ಬರೆದರೆ ಅಳಿಸುವ ಹಾಗಿಲ್ಲ. ಒಂದೇ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಕೆಳಗಿನ ತಪ್ಪು ಓದಲು ಸಿಗುವಂತೆ ಉಳಿಯಬೇಕು. ಇದನ್ನೂ ಹಾಗೇ ಬರೆಯುತ್ತೇನೆ. ಬೆನ್ನು: ಗೆರೆ. ನಾನು ನೋಡಿದ್ದು ಮುಖ. ಮುಖದಲ್ಲಿ ಏನಿತ್ತೋ ಗೊತ್ತಿಲ್ಲ, ಮಾಸ್ಕ್ ಇತ್ತು.

ಊರೆಲ್ಲ ಬಾಗಿಲು ಹಾಕಿಕೊಂಡ ಆ ವರ್ಷ ನಮ್ಮ ಕಾರ್ಖಾನೆ ಮುಚ್ಚಲಿಲ್ಲ. ಉಸಿರಾಟದ ಯಂತ್ರಗಳಿಗೆ ಬೇಕಾದ ಕೊಳವೆಗಳು ನಮ್ಮಲ್ಲಿ ತಯಾರಾಗುತ್ತಿದ್ದವು. ನನ್ನ ಗಂಡ ಗಿರೀಶ್ ಕಿಲ್ಕೆನ್ನಿಯ ಆಸ್ಪತ್ರೆಯಲ್ಲಿ ಡಾಕ್ಟರು. ಮನೆಗೆ ಸೋಂಕು ತರಬಾರದೆಂದು ಅಲ್ಲೇ ಒಂದು ರೂಮು ಮಾಡಿಕೊಂಡಿದ್ದರು. ನಾನು ಕೆಲಸಕ್ಕೆ ಹೋಗುತ್ತಿದ್ದೆ, ಬರುತ್ತಿದ್ದೆ, ಸಂಜೆ ಫೋನಿನಲ್ಲಿ ಗಂಡನ ಆಕಳಿಕೆ ಕೇಳುತ್ತಿದ್ದೆ. ಕಾರ್ಖಾನೆಯಲ್ಲಿ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದವನು ಪ್ರಶಾಂತ ಒಬ್ಬನೇ. ಅಚ್ಚುಗಳ ವಿಭಾಗದ ಎಂಜಿನಿಯರು, ಯಶವಂತಪುರದ ಹುಡುಗ, ನನಗಿಂತ ಚಿಕ್ಕವನು. ಊಟದ ಹೊತ್ತಿಗೆ ನಮ್ಮಿಬ್ಬರ ನಡುವೆ ಒಂದು ಪ್ಲಾಸ್ಟಿಕ್ ಪರದೆ. ಅವನು ಪರದೆಯಾಚೆಯಿಂದ ನನ್ನ ಡಬ್ಬಿ ನೋಡಿ, "ಅಕ್ಕ, ಇವತ್ತೂ ಚಿತ್ರಾನ್ನನಾ? ನಿಮ್ ಮನೇಲಿ ನಿಂಬೆಹಣ್ಣಿನ ಮರ ಐತಾ?" ಅನ್ನುತ್ತಿದ್ದ.

ನೋರೀನ್ ನಮ್ಮ ಕಾರ್ಖಾನೆಯಲ್ಲೇ ಮೇಲ್ವಿಚಾರಕಿಯಾಗಿದ್ದು ನಿವೃತ್ತಳಾದವಳು. ಅವಳ ಗಂಡ ಮಾರ್ಟಿನ್ ಆ ವಸಂತದಲ್ಲಿ ತೀರಿಕೊಂಡ. ಅಂತ್ಯಕ್ರಿಯೆಗೆ ಹತ್ತಿರದವರು ಮಾತ್ರ. ಉಳಿದ ನಾವೆಲ್ಲ ರಸ್ತೆ ಬದಿಯಲ್ಲಿ ದೂರ ದೂರ ನಿಂತು ಶವದ ಕಾರು ಹೋಗುವುದನ್ನು ನೋಡಿದೆವು. ಬೇಸಿಗೆಯಲ್ಲಿ ನಿಯಮ ಸ್ವಲ್ಪ ಸಡಿಲವಾದಾಗ ನೋರೀನ್ ಫೋನ್ ಮಾಡಿದಳು: ಮನೆ ಮಾರಿ ಕಾರ್ಕ್‌ನಲ್ಲಿರುವ ಮಗಳ ಹತ್ತಿರ ಹೋಗುತ್ತಿದ್ದೇನೆ, ಶೆಡ್ಡಿನಲ್ಲಿ ಮಾರ್ಟಿನ್‌ನ ಹಳೆಯ ಲಾರಿ ಇದೆ, ನಿನ್ನ ಆ ಹುಡುಗನನ್ನು ಕರೆತಂದು ಒಮ್ಮೆ ನೋಡುತ್ತೀಯಾ. ಆಕೆ ಹೇಳಿದ್ದು ಇಂಗ್ಲಿಷಿನಲ್ಲಿ. ಈಗ ನನ್ನ ಕಿವಿಯಲ್ಲಿ ಕೇಳುವುದು ಕನ್ನಡ. ಅನುವಾದದಲ್ಲಿ ಎಷ್ಟು ಉದುರಿತೋ.

ಟಾರ್ಪಾಲು ಸರಿಸಿದಾಗ ಒಳಗಿನಿಂದ ಎರಡು ಕೋಳಿ ಹಾರಿದವು. "ಅಕ್ಕ, ಇದು ಲಾರಿ ಅಲ್ಲ, ಕೋಳಿ ಗೂಡು," ಅಂದ ಪ್ರಶಾಂತ. ಮರದ ಕಡ್ಡಿಗಳ ಚಕ್ರ, ತುಕ್ಕಿನ ಬಾನೆಟ್ಟು, ಹಿಂದೆ ಹಾಲಿನ ಕ್ಯಾನು ಇಡುವ ಹಲಗೆಗಳು. ರೇಡಿಯೇಟರಿನ ತಲೆಯ ಮೇಲೆ ಹಿತ್ತಾಳೆಯ ಬಿಲ್ಲೆ. ಅದನ್ನು ನಾನು ನನ್ನ ಮಾಸ್ಕಿನಿಂದಲೇ ಉಜ್ಜಿದೆ. ಕಂಪನಿಯ ಹೆಸರು ಕಂಡಿತು: ಟಾಲಿವರ್.

ಮಾರ್ಟಿನ್ ಅದನ್ನು ಒಂದು ಹಾಲಿನ ಡೇರಿಯ ಹಿತ್ತಿಲಿನಿಂದ ಎಳೆದು ತಂದಿದ್ದನಂತೆ. ಓಡಿಸುವ ಆಸೆ ಇತ್ತು, ಓಡಿಸಲಿಲ್ಲ. ನೋರೀನ್ ಹೇಳಿದಳು: "ಹಳೆ ವಾಹನಗಳ ಕ್ಲಬ್ಬಿನವರು ಕೇಳ್ತಿದ್ದಾರೆ. ಬಿಚ್ಚಿ ಬಿಡಿಭಾಗ ಮಾಡಿಕೊಳ್ತಾರೆ, ಗೊತ್ತು ನನಗೆ. ಇದನ್ನ ಓಡೋ ಹಾಗೆ ಮಾಡಿ, ನಿಜವಾಗಿ ಇದರ ಜೊತೆ ಏನಾದ್ರೂ ಸಂಬಂಧ ಇರೋರು ಸಿಕ್ಕಿದ್ರೆ ಸುಮ್ಮನೆ ಕೊಟ್ಟುಬಿಡ್ತೀನಿ. ಹೊಸ ವರ್ಷ ಬಂದ್ಮೇಲೆ ಹೇಳ್ತೀನಿ."

ನನಗೆ ಆ ಲಾರಿ ಬೇಕಿತ್ತು. ಇದನ್ನು ಗೆರೆ ಎಳೆಯದೆ ಬರೆಯುತ್ತೇನೆ.

ಕಾರಣ ಒಂದು ಫೋಟೊ. ತುಮಕೂರಿನ ನಮ್ಮ ಮನೆಯ ನಡುಮನೆಯಲ್ಲಿ ತೂಗುಹಾಕಿದ್ದ ಫೋಟೊ: ಆಯುಧಪೂಜೆಯ ದಿನ ಬಾಳೆಕಂಬ ಕಟ್ಟಿದ ಒಂದು ಬಸ್ಸು, ಅದರ ಮಡ್‌ಗಾರ್ಡಿನ ಮೇಲೆ ಕೈಯಿಟ್ಟು ನಿಂತ ನನ್ನ ತಾಯಿಯ ತಂದೆ. ಅಜ್ಜ ತಿಪಟೂರು-ಹುಳಿಯಾರು ಕಡೆ ಸರ್ವೀಸ್ ಬಸ್ ಓಡಿಸುತ್ತಿದ್ದರು ಎಂದು ಕೇಳಿಕೊಂಡೇ ಬೆಳೆದವಳು ನಾನು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಬೆನ್ನಿಗೆ ಇದ್ದಲಿನ ಒಲೆ ಕಟ್ಟಿಕೊಂಡು ಓಡಿದ ಬಸ್ಸು. ಹ್ಯಾಂಡಲ್ ತಿರುಗಿಸಿ ಇಂಜಿನ್ ಎಬ್ಬಿಸುವಾಗ ಅದು ಒಮ್ಮೆ ಒದ್ದು ಅಜ್ಜನ ಮಣಿಕಟ್ಟು ಮುರಿದಿತ್ತು. ಸೊಟ್ಟಗೆ ಕೂಡಿಕೊಂಡ ಆ ಕೈಯಿಂದಲೇ ನನಗೆ ಬಾಳೆಹಣ್ಣು ಸುಲಿದು ಕೊಡುತ್ತಿದ್ದರು. "ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಸುತ್ತಬೇಡ. ಐದೂ ಬೆರಳು ಒಂದೇ ಕಡೆ ಇರಲಿ. ಒದ್ದರೆ ಕೈ ಜಾರಬೇಕು, ಮುರೀಬಾರದು." ನನಗೆ ಯಾವ ಹ್ಯಾಂಡಲ್ಲೂ ಹಿಡಿಯುವ ಪ್ರಸಂಗ ಇರಲಿಲ್ಲ, ಆದರೂ ಹೇಳುತ್ತಿದ್ದರು.

ಫೋಟೊದಲ್ಲಿ ಬಸ್ಸಿನ ಬಿಲ್ಲೆ ಚೆಂಡುಹೂವಿನ ಹಾರದ ಹಿಂದೆ ಮುಚ್ಚಿಹೋಗಿದೆ. ಆದರೆ ರೇಡಿಯೇಟರಿನ ಭುಜ ಕಾಣುತ್ತದೆ, ಇಳಿಜಾರಿನ ಭುಜ. ನೋರೀನಳ ಶೆಡ್ಡಿನಲ್ಲಿದ್ದದ್ದು ಅದೇ ಭುಜ. ನಾನು ನೋರೀನಳಿಗೆ ಅಂದೇ ಹೇಳಿದೆ: ನನ್ನ ಅಜ್ಜ ಓಡಿಸಿದ್ದು ಬಹುಶಃ ಇಂಥದ್ದೇ ಇರಬಹುದು. ಆ "ಬಹುಶಃ" ಹೇಳಿದ್ದು ಮಾತ್ರ ನನಗೆ ಚೆನ್ನಾಗಿ ನೆನಪಿದೆ.

"ನಿಮ್ಮಜ್ಜ ಸೂಪರ್ ಅಕ್ಕ," ಅಂದಿದ್ದ ಪ್ರಶಾಂತ. "ನಮ್ಮಜ್ಜ ಬ್ಯಾಂಕಲ್ಲಿದ್ರು. ಸೈಕಲ್ ಕೂಡ ಬೇರೆಯವ್ರು ತುಳೀಬೇಕು, ಇವ್ರು ಹಿಂದೆ ಕೂರ್ಬೇಕು."

ಶನಿವಾರಗಳು ಲಾರಿಗೆ ಹೋದವು. ಶೆಡ್ಡಿನ ಎರಡೂ ಬಾಗಿಲು ತೆರೆದಿಟ್ಟು, ಗಾಳಿಗೆ ನಡುಗುತ್ತ, ಅವನು ಇಂಜಿನ್ ಬಿಚ್ಚಿದ. ನಾನು ಚರಿತ್ರೆ ಬಿಚ್ಚಿದೆ. ಹಳೆಯ ಪತ್ರಿಕೆಗಳು, ಮಾರಾಟದ ಕೈಪಿಡಿಗಳು, ಅಮೆರಿಕದ ಒಂದು ಸಣ್ಣ ಊರಿನ ಗ್ರಂಥಾಲಯದಿಂದ ಯಾರೋ ಪುಣ್ಯಾತ್ಮರು ಸ್ಕ್ಯಾನ್ ಮಾಡಿ ಕಳಿಸಿದ ಪುಟಗಳು. ಟಾಲಿವರ್ ಎಂಬಾತ ಮೊದಲು ದನಕ್ಕೆ ಮೇವು ಕತ್ತರಿಸುವ ಯಂತ್ರ ಮಾಡುತ್ತಿದ್ದವನು. ಆಮೇಲೆ ಸೀಟಿನ ಕೆಳಗೆ ಇಂಜಿನ್ ಇಟ್ಟ ಒಂದು ಕಾರು ಮಾಡಿದ. ಕೊಂಡ ರೈತರು ಹಿಂದಿನ ಸೀಟು ಕಿತ್ತು ಹಾಲು, ಆಲೂಗಡ್ಡೆ, ಒಮ್ಮೆ ಒಂದು ಕರುವನ್ನು ಸಾಗಿಸುವುದನ್ನು ನೋಡಿ, ಸೀಟೇ ಇಲ್ಲದ್ದನ್ನು ಮಾರತೊಡಗಿದ. ಲಾರಿ ಹುಟ್ಟಿದ್ದು ಹಾಗೆ. ಕಾರು ಕಂಪನಿಯ ಹೆಮ್ಮೆ, ಲಾರಿ ಕಂಪನಿಯ ಅನ್ನ. ಹೆಮ್ಮೆ ಸದಾ ನಷ್ಟದಲ್ಲಿತ್ತು. ಹೊರದೇಶಕ್ಕೆ ಅವರು ಕಳಿಸುತ್ತಿದ್ದದ್ದು ಬರೀ ಚಾಸಿ: ಚೌಕಟ್ಟು, ಇಂಜಿನ್, ನಾಲ್ಕು ಚಕ್ರ, ಸ್ಟಿಯರಿಂಗ್. ಮೈ ಕಟ್ಟುವುದು ಆಯಾ ಊರಿನ ಬಡಗಿಗಳ ಕೆಲಸ. ಐರ್ಲೆಂಡಿನಲ್ಲಿ ಅದಕ್ಕೆ ಹಾಲಿನ ಹಲಗೆ ಬಂತು, ಮೈಸೂರು ಸೀಮೆಯಲ್ಲಿ ಬೆಂಚು, ಛಾವಣಿ, ಛಾವಣಿಯ ಮೇಲೆ ಬೆಲ್ಲದ ಮೂಟೆ ಬಂತು. ಹೀಗೆಂದು ನಾನು ಬರೆದಿಟ್ಟೆ.

ಕೊನೆಗೆ ಟಾಲಿವರ್‌ನನ್ನು ಅವನ ಪಾಲುದಾರರೇ ಹೊರಗೆ ಹಾಕಿದರು. ಅವನು ಊರಲ್ಲಿಲ್ಲದಾಗ ಸಭೆ ಸೇರಿ ಮತ ಹಾಕಿದರು. ಹೆಸರು ಬಿಲ್ಲೆಯ ಮೇಲೆ ಉಳಿಯಿತು. ಅವನು ಮುಂದೆ ಮಾಡಿದ ಕಾರಿಗೆ ತನ್ನ ಹೆಸರನ್ನೇ ಇಡುವ ಹಕ್ಕು ಅವನಿಗೆ ಇರಲಿಲ್ಲ. ಅವನಿಲ್ಲದ ಕಂಪನಿ ಲಾರಿ ಮಾಡುತ್ತ ಇನ್ನಷ್ಟು ಕಾಲ ಬದುಕಿ, ಕೆಟ್ಟ ಕಾಲ ಬಂದಾಗ ಬೇರೊಬ್ಬರ ಕೈಗೆ ಹೋಗಿ, ಒಂದು ದಿನ ಹೆಸರೂ ನಿಂತಿತು. ಮುಂದೆ ಆದದ್ದನ್ನು ಈ ಚರಿತ್ರೆಯ ಪಕ್ಕ ಇಟ್ಟು ನೋಡುವ ಆಸೆ ನನಗೂ ಆಗುತ್ತದೆ. ಹೋಲಿಕೆ ತೀರಾ ಸಲೀಸಾಗಿ ಕೂರುತ್ತದೆ, ಅದಕ್ಕೇ ದೂರ ಇಡುತ್ತೇನೆ. ನನ್ನ ಟಿಪ್ಪಣಿಯಲ್ಲಿ ಮೊದಲು, ಅವನು ಹಡಗಿನಲ್ಲಿದ್ದಾಗ ಈ ಸಭೆ ನಡೆಯಿತು ಎಂದು ಬರೆದಿದ್ದೆ. ಹಡಗಲ್ಲ, ರೈಲು. ನಂತರ ತಿದ್ದಿದೆ. ಈ ವಿಷಯ ಸಣ್ಣದು, ಆದರೆ ಬೇಕಾಗುತ್ತದೆ.

ಅಕ್ಟೋಬರಿನಲ್ಲಿ ಮತ್ತೆ ಬಾಗಿಲುಗಳು ಮುಚ್ಚಿದವು. ಮನೆಯಿಂದ ಐದು ಕಿಲೋಮೀಟರಿನಾಚೆ ಹೋಗುವಂತಿಲ್ಲ. ನೋರೀನಳ ಮನೆ ನನಗೆ ಐದರೊಳಗೆ, ಪ್ರಶಾಂತನಿಗೆ ಕೊಂಚ ಹೊರಗೆ. ಅವನು ಕೊರಳಿಗೆ ಕಾರ್ಖಾನೆಯ ಗುರುತಿನ ಚೀಟಿ ನೇತುಹಾಕಿಕೊಂಡು ಪೊಲೀಸರ ತಡೆ ದಾಟಿ ಬರುತ್ತಿದ್ದ. "ಉಸಿರಾಟದ ಯಂತ್ರ ಅಂದೆ ಅಕ್ಕ. ಯಾರ ಉಸಿರಾಟ ಅಂತ ಅವ್ನು ಕೇಳ್ಲಿಲ್ಲ."

ಅವನ ಕೈಯಲ್ಲಿ ನಿಜಕ್ಕೂ ವಿದ್ಯೆ ಇತ್ತು. ಅದನ್ನೂ ಬರೆಯಬೇಕು. ಆಯುಧಪೂಜೆಯ ಹೊತ್ತಿಗೆ ಇಂಜಿನ್ ಸಿದ್ಧವಾಗಿತ್ತು. ಪೂಜೆ ಮಾಡದೆ ಹ್ಯಾಂಡಲ್ ಹೊಡೆಯುವುದು ಬೇಡ ಎಂದದ್ದು ನಾನೇ. ಬೂದುಗುಂಬಳ ಗಾಲ್ವೇಯಲ್ಲಿ ಸಿಗಲಿಲ್ಲ. ಆದರೆ ಅಂಗಡಿಗಳ ಮುಂದೆಲ್ಲ ಹ್ಯಾಲೋವೀನಿಗೆಂದು ಕಿತ್ತಳೆ ಬಣ್ಣದ ಕುಂಬಳದ ರಾಶಿ. ಒಂದನ್ನು ತಂದು ತೂತು ಕೊರೆದು ಕುಂಕುಮ ತುಂಬಿದೆವು. ಚಕ್ರಗಳ ಕೆಳಗೆ ನಿಂಬೆಹಣ್ಣು, ಬಾನೆಟ್ಟಿಗೆ ವಿಭೂತಿ. ನಾನು ಜಾಕೆಟ್ಟಿನ ಕೆಳಗೆ ಸೀರೆ ಉಟ್ಟಿದ್ದೆ. ನೋರೀನ್ ಅಂಗಳದ ಆ ತುದಿಯಲ್ಲಿ ಕುರ್ಚಿ ಹಾಕಿಕೊಂಡು, ಕಾಲ ಮೇಲೆ ಕಂಬಳಿ ಹೊದ್ದು ಕೂತಿದ್ದಳು.

ಪ್ರಶಾಂತ ಡ್ರೈವರ್ ಸೀಟಿನಲ್ಲಿ ಕೂತ. ನಮ್ಮ ಕಡೆ ಹಾಗೇ ತಾನೆ: ಗಾಡಿ ಪೂಜೆಯಲ್ಲಿ ಗಂಡಸು ಸ್ಟಿಯರಿಂಗ್ ಹಿಡಿದು ಕೂರುತ್ತಾನೆ, ಹೆಂಗಸು ಮುಂದೆ ನಿಂತು ಆರತಿ ಎತ್ತುತ್ತಾಳೆ. ಸ್ಕೂಟರು ನನ್ನದೇ ದುಡ್ಡಿನದ್ದಾಗಿದ್ದಾಗಲೂ ತುಮಕೂರಿನಲ್ಲಿ ನಾನು ಆರತಿಯನ್ನೇ ಎತ್ತಿದ್ದೆ, ಅಣ್ಣ ಸ್ಕೂಟರ್ ಮೇಲೆ ಕೂತಿದ್ದ. ಯಾರೂ ಯೋಚಿಸುವುದಿಲ್ಲ. "ಅಕ್ಕ, ನೀವೇ ಕೂತ್ಕೊಳ್ಳಿ ಬೇಕಾದ್ರೆ" ಎಂದು ಪ್ರಶಾಂತ ಹೇಳಿದನೇ? ಹೇಳಿದಂತೆ ನೆನಪು. ಹೇಳಿದ್ದರೆ ಅವನ ತಪ್ಪು ಅರ್ಧವಾಗುತ್ತದೆ. ಆದ್ದರಿಂದ ಆ ನೆನಪನ್ನು ನಂಬಲು ನನಗೆ ಮನಸ್ಸಿಲ್ಲ.

ಆರತಿ ಎತ್ತಿ, ಕುಂಬಳಕಾಯಿ ಒಡೆದು, ತಟ್ಟೆ ಕೆಳಗಿಟ್ಟು, ಸೆರಗು ಸಿಕ್ಕಿಸಿ ಹ್ಯಾಂಡಲ್ ಹಿಡಿದೆ. ಮೇಲೆ ಕೂತವನು, ಕಿಡಿ ಕೊಂಚ ತಡವಾಗಿ ಹಾರುವಂತೆ, ಸನ್ನೆಕೋಲನ್ನು ಹಿಂದಕ್ಕೆ ಎಳೆದು ಹಿಡಿಯಬೇಕು, ಕೆಳಗಿದ್ದವರು ತಿರುಗಿಸಬೇಕು. ಹಿಂದಿನ ಶನಿವಾರವೇ ಅವನಿಗೆ ಅಜ್ಜನ ಮಾತು ಹೇಳಿ ಹಿಡಿತ ತೋರಿಸಿದ್ದೆ: ಐದೂ ಬೆರಳು ಒಂದೇ ಕಡೆ. ಎರಡು ಸಲ ಉಸಿರು ಬಿಟ್ಟಿತು, ಮೂರನೆಯದಕ್ಕೆ ಒದ್ದಿತು. ಹ್ಯಾಂಡಲ್ ನನ್ನ ಅಂಗೈಯಿಂದ ಜಾರಿ ಹೋಯಿತು, ಕೈ ಉಳಿಯಿತು. ಮುಂದಿನ ಸುತ್ತಿಗೆ ಎದ್ದಿತು. ಹೊಗೆ, ಸದ್ದು, ಗೋಡೆಯಾಚೆ ಓಡಿದ ಕುರಿಗಳು. ನಾನು ಪಕ್ಕಕ್ಕೆ ಸರಿದೆ, ಪ್ರಶಾಂತ ಕ್ಲಚ್ ಬಿಟ್ಟ. ಲಾರಿ ನಿಂಬೆಹಣ್ಣುಗಳನ್ನು ಅರೆದು ಒಂದು ಮಾರು ಮುಂದೆ ಬಂತು. ನೋರೀನ್ ಎದ್ದು ನಿಂತು ಅವನ ಕಡೆ ಎರಡೂ ಕೈ ಎತ್ತಿದಳು. ನಮ್ಮಿಬ್ಬರ ಕಡೆ ಎಂದು ಬಹಳ ದಿನ ಅಂದುಕೊಂಡಿದ್ದೆ.

ಜನವರಿ. ಮಳೆ, ಕತ್ತಲೆ, ಮತ್ತೆ ಏರಿದ ಸೋಂಕು. ಹಳೆ ವಾಹನಗಳ ಕ್ಲಬ್ಬಿನವರ ಚಳಿಗಾಲದ ಉಪನ್ಯಾಸಗಳು ವಿಡಿಯೊ ಕರೆಗೆ ಬಂದಿದ್ದವು. "ನಾನು ಸ್ವಲ್ಪ ಇಂಜಿನ್ ಬಗ್ಗೆ ಮಾತಾಡ್ತೀನಿ ಅಕ್ಕ. ನಿಮ್ಮ ಟಿಪ್ಪಣಿ, ಆ ಫೋಟೊ, ಕಳ್ಸಿ. ಹಿನ್ನೆಲೆಗೆ ಇರ್ಲಿ." ನಾನು ಕಳಿಸಿದೆ; ಹಡಗನ್ನು ರೈಲೆಂದು ತಿದ್ದಿದ ಪ್ರತಿಯನ್ನು ಒಂದೆರಡು ದಿನ ಬಿಟ್ಟು ಕಳಿಸಿದೆ. ಉಪನ್ಯಾಸದ ಸಂಜೆ ಟೀ ಮಾಡಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತೆ. ಪರದೆ ತುಂಬ ಪುಟ್ಟ ಚೌಕಗಳಲ್ಲಿ ಬಿಳಿ ಮೀಸೆಯವರು. ಒಂದರಲ್ಲಿ ನೋರೀನ್, ಕ್ಯಾಮೆರಾಕ್ಕೆ ತೀರಾ ಹತ್ತಿರ, ಹಣೆ ಮಾತ್ರ.

ಪ್ರಶಾಂತನ ಮಾತು ಮೇವು ಕತ್ತರಿಸುವ ಯಂತ್ರದಿಂದ ಶುರುವಾಯಿತು. ಕಿತ್ತುಹಾಕಿದ ಹಿಂದಿನ ಸೀಟು, ಕರು, ಹೆಮ್ಮೆ ಮತ್ತು ಅನ್ನ, ಬೆಲ್ಲದ ಮೂಟೆ. ನನ್ನ ವಾಕ್ಯಗಳು, ನನ್ನ ಕ್ರಮ. ಯಾರು ಬರೆದದ್ದು ಎಂದು ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾದೆ. ಟಾಲಿವರ್ ಹಡಗಿನಲ್ಲಿದ್ದಾಗ ಅವನನ್ನು ತೆಗೆದುಹಾಕಿದರು ಅಂದ. ನಾನು ತಿದ್ದಿದ್ದ ತಪ್ಪನ್ನೂ, ತಿದ್ದದ ಹಳೆಯ ಪ್ರತಿಯಿಂದ, ತನ್ನದೆಂಬಂತೆ ಹೇಳಿದ. ಆಮೇಲೆ ಫೋಟೊ ಬಂತು. ಪರದೆಯ ತುಂಬ ಬಾಳೆಕಂಬ, ಹಾರ, ಮಡ್‌ಗಾರ್ಡಿನ ಮೇಲಿನ ಕೈ.

"ಇವರು ನನ್ನ ಅಜ್ಜ," ಅಂದ ಪ್ರಶಾಂತ. ಇಂಗ್ಲಿಷಿನಲ್ಲಿ, ನಿಧಾನವಾಗಿ, ಒಂಚೂರೂ ತಡವರಿಸದೆ. "ಟಾಲಿವರ್ ಬಸ್ಸಿನ ಡ್ರೈವರು. ನನಗೆ ಹೇಳುತ್ತಿದ್ದರು, ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಸುತ್ತಬೇಡ ಅಂತ."

ಫೋಟೊ ಹೋದಾಗ ನನಗೆ ಅಷ್ಟು ತಟ್ಟಿರಲಿಲ್ಲ. ಹೆಬ್ಬೆರಳು ಹೋದದ್ದು ತಟ್ಟಿತು. ಮೈಕ್ ಒತ್ತಿದೆ. "ಪ್ರಶಾಂತ," ಅಂದೆ. ಆತಿಥೇಯ ಮುದುಕರು ಮೃದುವಾಗಿ, "ಯಾರದೋ ಮೈಕ್ ತೆರೆದಿದೆ ನೋಡಿ," ಎಂದು ನನ್ನ ಬಾಯಿ ಮುಚ್ಚಿದರು. ನೋರೀನಳ ಚೌಕದಲ್ಲಿ ಹಣೆ ಮಾಯವಾಗಿ ಕರವಸ್ತ್ರ ಕಾಣಿಸಿತು.

ಗಿರೀಶರಿಗೆ ಫೋನ್ ಮಾಡಿ ಒಂದೇ ಉಸಿರಿಗೆ ಹೇಳಿದೆ. ಅವರು, "ಇವತ್ತು ವಾರ್ಡಲ್ಲಿ ಇಬ್ರು ಹೋದ್ರು ಕಣೆ. ಅಜ್ಜನ ವಿಷಯ ನಾಳೆ ಮಾತಾಡೋಣ," ಅಂದರು. ಸರಿ ಅಂದೆ. ನಾಳೆ ಮಾತಾಡಲಿಲ್ಲ. ಅವರ ಮೇಲೆ ಸಿಟ್ಟು ಬಂದದ್ದು ಸರಿಯೋ ತಪ್ಪೋ ಇನ್ನೂ ತೀರ್ಮಾನಿಸಿಲ್ಲ.

ಅಷ್ಟರಲ್ಲಿ ನೋರೀನ್ ಲಾರಿ ಪ್ರಶಾಂತನಿಗೆ ಎಂದು ಹೇಳಿಯಾಗಿತ್ತು. ನಾನು ಅವಳ ಗೇಟಿನ ಹೊರಗೆ ನಿಂತೆ, ಅವಳು ಬಾಗಿಲ ಮೆಟ್ಟಿಲ ಮೇಲೆ. ನಡುವೆ ಮಳೆ.

"ಆ ಫೋಟೊದಲ್ಲಿರೋರು ನನ್ನ ಅಜ್ಜ," ಅಂದೆ. "ಅವನ ಅಜ್ಜ ಅಲ್ಲ."

ನೋರೀನ್ ಒಂದು ಮೆಟ್ಟಿಲು ಕೆಳಗಿಳಿದಳು. "ಆದ್ರೆ ಅವನು ಮೇಲೆ ಕೂತಿದ್ದ. ನೀನು ಪ್ರಾರ್ಥನೆ ಮಾಡೋಕೆ ಬಂದವಳು ಅಂದ್ಕೊಂಡೆ ಕಣಮ್ಮ. ನಮ್ಮಲ್ಲಿ ಪಾದ್ರಿ ಬರ್ತಾರಲ್ಲ, ಹಾಗೆ."

"ಬೇಸಿಗೇಲೇ ಹೇಳಿದ್ದೆ ನಿಮಗೆ."

"ಇರಬಹುದು ಅಂತ ನೀನು ಅಂದಿದ್ದೆ. ಇಲ್ಲಿ ಇರಬಹುದು ಅನ್ನೋದು ಮರ್ಯಾದೆಗೆ. ಎದುರಿಗಿರೋರಿಗೆ ಖುಷಿಯಾಗ್ಲಿ ಅಂತ." ಆಮೇಲೆ ಅವಳು ಕಾರ್ಡಿಗನ್ನಿನ ಗುಂಡಿ ಹಾಕಿಕೊಳ್ಳುತ್ತ ಹೇಳಿದಳು: "ಮಾತು ಕೊಟ್ಟಾಯ್ತು. ಮಾರ್ಟಿನ್ ಇದ್ದಿದ್ರೂ ಕೊಟ್ಟ ಮಾತು ಹಿಂದಕ್ಕೆ ತಗೊಳ್ತಿರಲಿಲ್ಲ. ಬಿಚ್ಚಿ ಹಾಕಲ್ಲ ಅಲ್ವಾ ಅವನು? ಗ್ರ್ಯಾಂಡ್ ಆಗಿರುತ್ತೆ, ಬಿಡು."

ಎಲ್ಲ ಸರಿಹೋಗುತ್ತೆ ಎನ್ನಲು ಬಳಸುವ ಈ ಗ್ರ್ಯಾಂಡ್ ಎಂಬ ಪದವನ್ನು ಈ ದೇಶದಲ್ಲಿ ಏನೂ ಗ್ರ್ಯಾಂಡ್ ಇಲ್ಲದಾಗಲೇ ಹೆಚ್ಚು ಕೇಳಿದ್ದೇನೆ.

ಪ್ರಶಾಂತನನ್ನು ಹಿಡಿದದ್ದು ಕಾರ್ಖಾನೆಯ ಕಾರ್ ನಿಲ್ಲಿಸುವ ಜಾಗದಲ್ಲಿ. ಅವನು ಓಡಿಹೋಗಲಿಲ್ಲ. ಕಾರಿನ ಬಾಗಿಲು ತೆರೆದು, ಅದನ್ನು ನಮ್ಮ ನಡುವೆ ಹಿಡಿದುಕೊಂಡು ನಿಂತ.

"ಅಕ್ಕ, ಬೈಯೋದಾದ್ರೆ ಬೈದುಬಿಡಿ."

"ನಿಮ್ಮಜ್ಜ ಸೈಕಲ್ಲೂ ತುಳೀತಿರ್ಲಿಲ್ಲ ಅಂತ ನೀನೇ ಅಂದಿದ್ದೆ."

"ಅಂದಿದ್ದೆ." ಅವನು ನಗಲು ನೋಡಿದ, ಆಗಲಿಲ್ಲ. "ನೋರೀನ್‌ಗೆ ಒಂದು ಕಥೆ ಬೇಕಿತ್ತು. ನಿಮ್ಮ ಹತ್ರ ಇತ್ತು, ನೀವು ಹೇಳ್ಲಿಲ್ಲ. ಪ್ರತಿ ಸಲ ಬಹುಶಃ, ಇರಬಹುದು, ಹಾರದ ಹಿಂದೆ ಏನಿದ್ಯೋ ಕಾಣಲ್ಲ. ಬಹುಶಃ ಅನ್ನೋರಿಗೆ ಯಾರಕ್ಕ ಲಾರಿ ಕೊಡ್ತಾರೆ? ಕ್ಲಬ್ಬಿನವ್ರು ಬಿಚ್ಚಿ ಹಂಚ್ಕೊಳ್ತಿದ್ರು. ನಾನು ಉಳಿಸ್ದೆ."

"ಯಾರಿಗೆ?"

ಅವನು ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸಿದ. "ನೀವು ಯಾವಾಗ ಬೇಕಾದ್ರೂ ಬಂದು ಓಡಿಸ್ಬೋದು," ಅಂದ. ನನಗೆ ಅತ್ಯಂತ ಹೇಸಿಗೆಯಾದದ್ದು ಆ ಮಾತಿಗೆ. ಆ ವಸಂತದಲ್ಲೇ ಅವನು ಕೆಲಸ ಬದಲಿಸಿ ಡಬ್ಲಿನ್ ಹತ್ತಿರದ ಆಡಮ್ಸ್‌ಟೌನಿಗೆ ಹೋದ. ಹೋಗುವ ದಿನವೂ ಮೆಸೇಜು ಕಳಿಸಿದ; "ಅಕ್ಕ" ಎಂದೇ ಶುರುವಾಗಿತ್ತು. ಉಳಿದದ್ದನ್ನು ಓದಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಕಡೆಗೆ ಪೂರ್ತಿ ನ್ಯಾಯ ಇರುತ್ತಿತ್ತು. ಆದರೆ ಆಮೇಲೊಂದು ದಿನ ಅಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅಣ್ಣನ ಮನೆಯ ಗದ್ದಲದ ನಡುವೆ ಅಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಸಿಪ್ಪೆ ಬೀಳುವ ಸದ್ದು ಕೇಳುತ್ತಿತ್ತು.

"ಎಂಥಾ ಕಳ್ಳ ಅವ್ನು," ಅಂದರು. ಆಮೇಲೆ, "ಆದ್ರೆ ನಿಮ್ಮಜ್ಜ ಆ ಬಸ್ಸಿಗೆ ಡ್ರೈವರ್ ಆಗಿರ್ಲಿಲ್ಲ ಕಣೆ. ಆಗ ಕ್ಲೀನರ್. ಹ್ಯಾಂಡಲ್ ಹೊಡಿಯೋದು ಕ್ಲೀನರ್ ಅಲ್ವಾ? ಕೈ ಮುರಿದದ್ದು ಅದಕ್ಕೇ. ಡ್ರೈವರ್ ಆದದ್ದು ಆಮೇಲೆ, ಬೇರೆ ಬಸ್ಸು."

"ಟಾಲಿವರ್ ಅಂತ ಅಜ್ಜ ಹೇಳ್ತಿದ್ರಲ್ಲ?"

ಸಿಪ್ಪೆಯ ಸದ್ದು ನಿಂತಿತು. "ಹೋದ ವರ್ಷ ನೀನು ಹೇಳಿದ ಮೇಲೇ ನಾನು ಆ ಹೆಸರು ಕೇಳಿದ್ದು. ನಿಮ್ಮಜ್ಜ ಮೋಟಾರು ಅಂತಿದ್ರು, ಅಷ್ಟೇ."

ನನಗೆ ಅಜ್ಜನ ಬಾಯಲ್ಲಿ ಆ ಹೆಸರು ಕೇಳಿದ್ದು ಸ್ಪಷ್ಟವಾಗಿ ನೆನಪಿತ್ತು. ಬಾಳೆಹಣ್ಣಿನ ವಾಸನೆಯ ಸಮೇತ ನೆನಪಿತ್ತು. ಅದನ್ನು ಯಾವಾಗ ಸೇರಿಸಿಕೊಂಡೆ? ಬಿಲ್ಲೆ ಉಜ್ಜಿದ ಆ ಮಧ್ಯಾಹ್ನವೇ? ಟಿಪ್ಪಣಿ ಬರೆಯುತ್ತ ಬರೆಯುತ್ತಲೇ? ಗೆರೆ ಎಲ್ಲಿ ಎಳೆಯಬೇಕೆಂದು ಅಂದಿನಿಂದ ಹುಡುಕುತ್ತಿದ್ದೇನೆ. ಇಳಿಜಾರಿನ ಭುಜದ ರೇಡಿಯೇಟರು ಆ ಕಾಲದಲ್ಲಿ ಬೇರೆ ಕಂಪನಿಗಳಿಗೂ ಇತ್ತು. ಇದು ನನಗೆ ಆಗಲೇ ಗೊತ್ತಿತ್ತು, ಓದಿದ್ದೆ.

ಪ್ರಶಾಂತ ಸುಳ್ಳು ಹೇಳಿದ. ಇದರಲ್ಲಿ ಅನುಮಾನವಿಲ್ಲ. ನಾನು ನಂಬಿ ಕೊಟ್ಟದ್ದನ್ನು ತನ್ನದೆಂದು ನಾಲ್ಕು ಜನರ ಮುಂದೆ ಹೇಳಿ, ನನಗೆ ಬರಬೇಕಿದ್ದದ್ದನ್ನು ಒಯ್ದ. ಅದಕ್ಕೆ ಕ್ಷಮೆ ನನ್ನಲ್ಲಿಲ್ಲ. ಆದರೆ ಆ ಬಸ್ಸು ಯಾವುದೆಂದು ನನಗೆ ಗೊತ್ತಿಲ್ಲ. ಅಜ್ಜ ಅದರ ಮೇಲೆ ಕೈಯಿಟ್ಟು ನಿಂತದ್ದು ಅಮ್ಮ ಹೇಳುವಂತೆ ಕ್ಲೀನರಾಗಿಯೋ, ಪೂಜೆಯ ದಿನ ದಾರಿಹೋಕರಾಗಿಯೋ, ಅದೂ ಗೊತ್ತಿಲ್ಲ. ನೋರೀನ್ ಬೇಸಿಗೆಯಲ್ಲೇ ಎಲ್ಲವನ್ನೂ ಅರ್ಥ ಮಾಡಿಕೊಂಡು, ಲಾರಿ ಉಳಿದರೆ ಸಾಕೆಂದು ಅವನನ್ನು ಆರಿಸಿದಳೋ, ನಾನು ಕೇಳಲಿಲ್ಲ. ಈಗ ಕೇಳಲು ಅವಳಿಲ್ಲ. ಅವನು ನನ್ನಿಂದ ಕಿತ್ತುಕೊಂಡದ್ದು ನನ್ನದೇ ಆಗಿತ್ತೇ ಎಂದು ಯಾರಾದರೂ ಕೇಳಿದರೆ, ಗೊತ್ತಿಲ್ಲ ಎಂದೇ ಹೇಳಬೇಕು.